ಕೋವಿಡ್ ಮುಗಿಯಿತು; ಕ್ರಿಯಾಟಿನಿನ್ ಮತ್ತೆ ನೋಡಿದವರು ಯಾರು?

ಗೆ,
ಆಯುಕ್ತರು ಹಾಗೂ ಸಾರ್ವಜನಿಕ ಆರೋಗ್ಯ ವಿಭಾಗದ ಅಧಿಕಾರಿಗಳು,
ಬೃಹನ್ಮುಂಬಯಿ ಮಹಾನಗರಪಾಲಿಕೆ, ಮುಂಬಯಿ.

ವಿಷಯ: ಕೋವಿಡ್‌ನಿಂದ ಆಸ್ಪತ್ರೆ ಸೇರಿ, ಅಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು, ಬದುಕಿ ಬಂದವರನ್ನು ಮರಳಿ ಕರೆದು ಪರೀಕ್ಷಿಸುವ ಬಗ್ಗೆ.

ಮಾನ್ಯರೇ,

2020ರಿಂದ 2022ರ ನಡುವೆ ಕೋವಿಡ್ ಸೋಂಕಿನಿಂದ ಮುಂಬಯಿಯ ಆಸ್ಪತ್ರೆಗಳಿಗೆ ದಾಖಲಾಗಿ, ಅಲ್ಲಿದ್ದಾಗಲೇ ಮೂತ್ರಪಿಂಡಗಳು ಹಠಾತ್ತನೆ ಕೆಟ್ಟು, ಹೇಗೋ ಉಳಿದು ಮನೆಗೆ ಮರಳಿದವರನ್ನು ಪಾಲಿಕೆಯು ಹುಡುಕಿ ಕರೆಸಿ ಒಂದು ರಕ್ತಪರೀಕ್ಷೆ ಮತ್ತು ಒಂದು ಮೂತ್ರಪರೀಕ್ಷೆ ಮಾಡಿಸಬೇಕು. ಇನ್ನು ಮುಂದೆ ಯಾವ ಕಾಯಿಲೆಯಿಂದಲೇ ಆಗಲಿ, ಮೂತ್ರಪಿಂಡ ಕೆಟ್ಟು ಚೇತರಿಸಿಕೊಂಡ ರೋಗಿಯ ಡಿಸ್ಚಾರ್ಜ್ ಕಾರ್ಡಿನಲ್ಲಿ ಆ ಸಂಗತಿಯನ್ನು ಕಡ್ಡಾಯವಾಗಿ ನಮೂದಿಸುವಂತೆ ನಗರದ ಎಲ್ಲ ಆಸ್ಪತ್ರೆಗಳಿಗೆ ಆದೇಶ ಹೊರಡಿಸಬೇಕು. ಈ ಎರಡು ಕೋರಿಕೆಗಳಿಗಾಗಿಯೇ ಈ ಪತ್ರ.

ನಾನು ಭಾಂಡುಪ್‌ನಲ್ಲಿ ಸಣ್ಣ ಕ್ಲಿನಿಕ್ ನಡೆಸುವ ಸಾಮಾನ್ಯ ವೈದ್ಯ, ಮೂತ್ರಪಿಂಡ ತಜ್ಞನಲ್ಲ. ನನ್ನಲ್ಲಿಗೆ ಬರುವವರಲ್ಲಿ ಉಡುಪಿ, ಕುಂದಾಪುರ ಕಡೆಯ ಹೋಟೆಲ್ ಕೆಲಸಗಾರರು, ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ಕುಟುಂಬಗಳು ಹೆಚ್ಚು. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಸಲ್ಲಿಸಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದಕ್ಕೆ ಕಾರಣವಿಷ್ಟೇ: ನಾನು ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರಲ್ಲಿ ಹಲವರು ಮನೆಯಲ್ಲಿ ಓದುವುದು ಕನ್ನಡವನ್ನು, ಮತ್ತು ಅಧಿಕಾರಿಗಳ ಉತ್ತರ ಬರುವವರೆಗೆ ಅವರು ಸುಮ್ಮನೆ ಕೂರಬೇಕಾಗಿಲ್ಲ.

ಕೋವಿಡ್ ಎಂದರೆ ಶ್ವಾಸಕೋಶದ ಕಾಯಿಲೆ ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿದೆ. ಆಕ್ಸಿಜನ್ ಮಟ್ಟ ಎಷ್ಟಿತ್ತು, ಸಿಟಿ ಸ್ಕೋರ್ ಎಷ್ಟು ಬಂದಿತ್ತು ಎಂಬುದನ್ನು ರೋಗಿಗಳು ಇಂದಿಗೂ ಬಾಯಿಪಾಠದಂತೆ ಹೇಳುತ್ತಾರೆ. ಕ್ರಿಯಾಟಿನಿನ್, ಎಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕಬೇಕಾದ ತ್ಯಾಜ್ಯ, ಎಷ್ಟಿತ್ತು ಎಂದು ಕೇಳಿದರೆ ಮುಖ ನೋಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಎರಡು ದಿನಗಳ ಒಳಗೆ ರಕ್ತದ ಕ್ರಿಯಾಟಿನಿನ್ ಪ್ರತಿ 100 ಮಿಲಿಲೀಟರಿಗೆ ಕನಿಷ್ಠ 0.3 ಮಿಲಿಗ್ರಾಂನಷ್ಟು ಏರಿದರೆ, ಅಥವಾ ಏಳು ದಿನಗಳ ಒಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟಾದರೆ, ಅಥವಾ ಸತತ ಆರು ಗಂಟೆಗಳ ಕಾಲ ಮೂತ್ರದ ಪ್ರಮಾಣವು ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್‌ಗಿಂತ ಕೆಳಗಿಳಿದರೆ ಅದನ್ನು ತೀವ್ರ ಮೂತ್ರಪಿಂಡ ಹಾನಿ ಎಂದು ಪರಿಗಣಿಸಬೇಕೆಂದು 2012ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕೇಳುವುದಕ್ಕೆ 0.3 ಅತಿ ಸಣ್ಣ ಅಂಕಿ. ಆದರೆ ಕ್ರಿಯಾಟಿನಿನ್ ಏರುವುದು ಮೂತ್ರಪಿಂಡ ಸೋತ ನಂತರ, ಸೋಲುವಾಗಲ್ಲ. ಹೋಟೆಲಿನವರಿಗೆ ನಾನು ಇದನ್ನು ಹೀಗೆ ವಿವರಿಸುವುದುಂಟು: ತಟ್ಟೆ ತೊಳೆಯುವ ಹುಡುಗ ಕೈಬಿಟ್ಟು ಹೋದ ಕ್ಷಣದಲ್ಲೇ ಮೋರಿಯಲ್ಲಿ ರಾಶಿ ಕಾಣುವುದಿಲ್ಲ, ರಾಶಿ ಕಣ್ಣಿಗೆ ಬೀಳುವ ಹೊತ್ತಿಗೆ ಅವನು ಹೋಗಿ ಬಹಳ ಹೊತ್ತಾಗಿರುತ್ತದೆ.

ಇದು ಎಷ್ಟು ಮಂದಿಗೆ ಆಗುತ್ತದೆ ಎಂಬುದರ ಅಂದಾಜು ಮೊದಲ ಅಲೆಯಲ್ಲೇ ಜಗತ್ತಿಗೆ ದೊರೆತಿತ್ತು. ನ್ಯೂಯಾರ್ಕ್‌ನ ನಾರ್ತ್‌ವೆಲ್ ಆಸ್ಪತ್ರೆಗಳ ಜಾಲದಲ್ಲಿ 2020ರ ವಸಂತದಲ್ಲಿ ದಾಖಲಾದ 5,449 ಕೋವಿಡ್ ರೋಗಿಗಳ ಪೈಕಿ 1,993 ಮಂದಿಗೆ, ಎಂದರೆ ಶೇ. 36.6ರಷ್ಟು ಜನರಿಗೆ, ತೀವ್ರ ಮೂತ್ರಪಿಂಡ ಹಾನಿಯಾಗಿತ್ತು. ವೆಂಟಿಲೇಟರ್ ಬೇಕಾಗದವರಲ್ಲಿ ಈ ಪ್ರಮಾಣ ಶೇ. 21.7, ವೆಂಟಿಲೇಟರ್ ಹಾಕಿದವರಲ್ಲಿ ಶೇ. 89.7. ಅದೇ ನಗರದ ಮೌಂಟ್ ಸಿನೈ ಆಸ್ಪತ್ರೆಗಳಲ್ಲಿ 3,993 ರೋಗಿಗಳನ್ನು ಪರಿಶೀಲಿಸಿದಾಗ ಶೇ. 46ರಷ್ಟು ಜನರಲ್ಲಿ ಇದು ಕಂಡುಬಂತು. ಹೀಗಾದವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು, ಮೂತ್ರಪಿಂಡಕ್ಕೆ ಏನೂ ಆಗದವರಲ್ಲಿ ತೀರಿಕೊಂಡವರು ಶೇ. 8 ಮಾತ್ರ. ನನ್ನ ಕೋರಿಕೆಗೆ ಬೇಕಾದ ಅಂಕಿ ಅದರ ಮುಂದಿನದು: ಮೂತ್ರಪಿಂಡ ಹಾನಿಯಾಗಿಯೂ ಬದುಕಿ ಮನೆಗೆ ಹೋದವರಲ್ಲಿ ಶೇ. 35ರಷ್ಟು ಜನರ ಮೂತ್ರಪಿಂಡ ಬಿಡುಗಡೆಯ ದಿನದವರೆಗೂ ಮೊದಲಿನ ಸ್ಥಿತಿಗೆ ಬಂದಿರಲಿಲ್ಲ.

ನ್ಯೂಯಾರ್ಕ್‌ನ ರೋಗಿಗಳೇ ಬೇರೆ, ಧಾರಾವಿ, ಕುರ್ಲಾ, ಭಾಂಡುಪ್‌ಗಳ ರೋಗಿಗಳೇ ಬೇರೆ. ಆ ಅಂಕಿಗಳನ್ನು ತಂದು ಇಲ್ಲಿ ಅಂಟಿಸಬೇಕೆಂದು ನಾನು ಹೇಳುವುದಿಲ್ಲ. ಕೆಇಎಂ, ಸಯನ್, ನಾಯರ್, ಸೆವೆನ್ ಹಿಲ್ಸ್ ಆಸ್ಪತ್ರೆಗಳ ಕೇಸ್ ಪೇಪರುಗಳು ತಮ್ಮ ಆಡಳಿತದ ಕೈಯಲ್ಲಿವೆ. ಮುಂಬಯಿಯ ಲೆಕ್ಕವನ್ನು ಮುಂಬಯಿಯ ಕಾಗದಗಳಿಂದಲೇ ತೆಗೆದು ಪ್ರಕಟಿಸಲಿ.

ಕೋವಿಡ್ ರೋಗಿಯ ಮೂತ್ರಪಿಂಡ ಏಕೆ ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಯಾರನ್ನು ಮರಳಿ ಕರೆಯಬೇಕು ಎಂಬ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ಹಾಸಿಗೆ ಸಿಗದೆ, ಅಥವಾ ಹೆದರಿಕೆಯಿಂದ, ಒಂದು ವಾರ ಮನೆಯಲ್ಲೇ ಜ್ವರದಲ್ಲಿ ಬಿದ್ದಿದ್ದವನು ಊಟ ಬಿಟ್ಟಿರುತ್ತಾನೆ, ನೀರೂ ಅಷ್ಟಕ್ಕಷ್ಟೆ, ಜೊತೆಗೆ ಭೇದಿ ಇದ್ದರಂತೂ ಹೇಳುವುದೇ ಬೇಡ. ಮೈಯ ನೀರಿನಂಶ ಇಳಿದು ಮೂತ್ರಪಿಂಡಕ್ಕೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಅದರ ಮೇಲೆ ಮೈಕೈ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ಮಾತ್ರೆ ಬೀಳುತ್ತದೆ; ಮೂತ್ರಪಿಂಡ ತನ್ನ ರಕ್ತನಾಳವನ್ನು ಹಿಗ್ಗಿಸಿಕೊಂಡು ರಕ್ತ ಎಳೆದುಕೊಳ್ಳುವ ಕೊನೆಯ ಉಪಾಯವನ್ನೂ ಈ ಗುಳಿಗೆಗಳು ತಡೆಯುತ್ತವೆ. ಆಸ್ಪತ್ರೆ ಸೇರಿದ ಮೇಲೆ ಇನ್ನೊಂದು ಇಕ್ಕಟ್ಟು. ಶ್ವಾಸಕೋಶದಲ್ಲಿ ನೀರು ತುಂಬಬಾರದೆಂದು ವೈದ್ಯರು ಡ್ರಿಪ್ ಬಿಗಿ ಹಿಡಿಯುತ್ತಾರೆ, ಆ ಬಿಗಿಯೇ ಮೂತ್ರಪಿಂಡಕ್ಕೆ ಬರವಾಗುತ್ತದೆ. ಸಡಿಲಬಿಟ್ಟರೆ ಉಸಿರಾಟ ಕೆಡುತ್ತದೆ. 2020ರಲ್ಲಿ ಈ ತಕ್ಕಡಿ ಹಿಡಿದು ನಿಂತ ವೈದ್ಯರನ್ನು ನಾನು ದೂರುವುದಿಲ್ಲ.

ಕಾಯಿಲೆ ಏರಿದವರಲ್ಲಿ ಮತ್ತಷ್ಟು ಕಾರಣಗಳು ಕೂಡಿಕೊಳ್ಳುತ್ತವೆ. ದೇಹದ ತುಂಬ ಎದ್ದ ಉರಿಯೂತ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ರಕ್ತ, ಕುಸಿಯುವ ಬಿ.ಪಿ., ವೆಂಟಿಲೇಟರಿನ ಒತ್ತಡದಿಂದ ಹೃದಯಕ್ಕೆ ಮರಳುವ ರಕ್ತದಲ್ಲಿ ಕೊರತೆ, ನಂತರ ಸೇರಿಕೊಳ್ಳುವ ಬ್ಯಾಕ್ಟೀರಿಯಾ ಸೋಂಕು ಮತ್ತು ಅದಕ್ಕೆ ಕೊಡುವ ಕೆಲವು ಆ್ಯಂಟಿಬಯಾಟಿಕ್‌ಗಳು ಎಲ್ಲವೂ ಒಂದೇ ಅಂಗದ ಮೇಲೆ ಬೀಳುತ್ತವೆ. ಹೀಗೆ ಆದಾಗ ಹೆಚ್ಚಾಗಿ ಸಾಯುವುದು ಮೂತ್ರಪಿಂಡದ ಒಳನಾಳಗಳನ್ನು ಹೊದ್ದಿರುವ ಜೀವಕೋಶಗಳು. ಅವು ಮತ್ತೆ ಬೆಳೆಯಬಲ್ಲವು, ಬಹುಪಾಲು ಜನ ಚೇತರಿಸಿಕೊಳ್ಳುವುದು ಇದರಿಂದಲೇ. ಆದರೆ ಬೆಳೆದದ್ದೆಲ್ಲ ಮೊದಲಿನಂತೆಯೇ ಇರುತ್ತದೆಂಬ ಖಾತರಿಯಿಲ್ಲ. ಕೆಲವೆಡೆ ಗಾಯದ ಕಲೆ ಉಳಿದು, ಸದ್ದಿಲ್ಲದೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲೇ ಇದ್ದವರಲ್ಲಿ ಇದರ ಸಂಭವ ಹೆಚ್ಚು.

ಎರಡನೆಯ ಅಲೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 2021ರ ಮೇ ತಿಂಗಳ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಕಪ್ಪು ಶಿಲೀಂಧ್ರ ಎಂದು ಜನ ಕರೆದ ಮ್ಯೂಕರ್‌ಮೈಕೋಸಿಸ್ ಹರಡಿತ್ತು. ಅದಕ್ಕೆ ಕೊಡುವ ಆಂಫೊಟೆರಿಸಿನ್-ಬಿ ಎಂಬ ಔಷಧದ ಹಳೆಯ ರೂಪವು ಮೂತ್ರಪಿಂಡಕ್ಕೆ ಹಾನಿಕರ ಎಂಬುದು ವೈದ್ಯರಿಗೆಲ್ಲ ದಶಕಗಳಿಂದ ತಿಳಿದಿರುವ ಮಾತು. ಕಡಿಮೆ ಹಾನಿಯ ಲೈಪೋಸೋಮಲ್ ರೂಪಕ್ಕೆ ಆ ದಿನಗಳಲ್ಲಿ ಹಾಹಾಕಾರವೆದ್ದಿತ್ತು. ಕಣ್ಣು ಹೋಗುವುದೋ, ಜೀವ ಹೋಗುವುದೋ ಎಂಬ ಸ್ಥಿತಿಯಲ್ಲಿ ಸಿಕ್ಕಿದ್ದನ್ನು ಕೊಟ್ಟರು, ಅದು ಸರಿಯೇ. ಆದರೆ ವಾರಗಟ್ಟಲೆ ಆ ಇಂಜೆಕ್ಷನ್ ಪಡೆದು ಬದುಕಿದವರ ಪಟ್ಟಿ ಆಸ್ಪತ್ರೆಗಳಲ್ಲಿದೆ. ಮೊದಲು ಕರೆಯಬೇಕಾದವರು ಅವರೇ.

ಈಗ ಒಂದು ಡಿಸ್ಚಾರ್ಜ್ ಕಾರ್ಡನ್ನು ತಮ್ಮ ಮುಂದಿಡುತ್ತೇನೆ. ಆಸ್ಪತ್ರೆಯ ಹೆಸರು ಇಲ್ಲಿ ಅನಗತ್ಯ. ರೋಗಿ ಹೋಟೆಲೊಂದರಲ್ಲಿ ಅಡುಗೆಯವರು, ಐವತ್ತು ದಾಟಿದವರು, ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎರಡೂ ಇದ್ದವು. ಕಾರ್ಡಿನ ಮೊದಲ ಸಾಲಿನಲ್ಲಿ ‘ಕೋವಿಡ್ ನ್ಯುಮೋನಿಯಾ’ ಎಂದಿದೆ, ಕೊನೆಯಲ್ಲಿ ‘ಸ್ಥಿತಿ ಸ್ಥಿರ, ಮನೆಗೆ ಕಳುಹಿಸಲಾಗಿದೆ’ ಎಂದಿದೆ. ನಡುವೆ ಎಲ್ಲಿಯೂ ಮೂತ್ರಪಿಂಡ ಎಂಬ ಪದವಿಲ್ಲ. ಕಾರ್ಡಿಗೆ ಪಿನ್ ಹೊಡೆದ ಲ್ಯಾಬ್ ಕಾಗದಗಳನ್ನು ಬಿಡಿಸಿ ನೋಡಿದರೆ ದಾಖಲಾದ ದಿನ ಕ್ರಿಯಾಟಿನಿನ್ 1.1, ಐಸಿಯುವಿನಲ್ಲಿ ಏರಿ 3.8, ಹೊರಟ ದಿನ 2.1. ಬರೆದುಕೊಟ್ಟ ಮಾತ್ರೆಗಳಲ್ಲಿ ವಿಟಮಿನ್ ಸಿ, ಝಿಂಕ್, ಪ್ಯಾಂಟೊಪ್ರಜೋಲ್, ಮತ್ತು ಮೊದಲಿನಂತೆ ಮುಂದುವರಿಸಲು ಹೇಳಿದ ಮೆಟ್‌ಫಾರ್ಮಿನ್ (ಸಕ್ಕರೆಗೆ) ಹಾಗೂ ಟೆಲ್ಮಿಸಾರ್ಟಾನ್ (ಬಿ.ಪಿ.ಗೆ). ‘ಹದಿನೈದು ದಿನ ಬಿಟ್ಟು ಎದೆಯ ಎಕ್ಸ್‌ರೇ’ ಎಂಬ ಸೂಚನೆಯಿದೆ, ರಕ್ತಪರೀಕ್ಷೆಯ ಮಾತಿಲ್ಲ. ಎಕ್ಸ್‌ರೇ ಚೆನ್ನಾಗಿ ಬಂತು. ಅವರು ಕೆಲಸಕ್ಕೆ ಮರಳಿ ಕಾವಲಿಯ ಮುಂದೆ ನಿಂತರು, ಸೊಂಟ ನೋವಿಗೆ ಆಗಾಗ ಗುಳಿಗೆ ನುಂಗಿದರು. ಎರಡು ವರ್ಷದ ಮೇಲೆ ಕಾಲು ಊದಿಕೊಂಡು ನನ್ನಲ್ಲಿಗೆ ಬಂದಾಗ ಮಾಡಬಹುದಾದದ್ದು ಬಹಳ ಉಳಿದಿರಲಿಲ್ಲ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ.

ಸಕ್ಕರೆ ಕಾಯಿಲೆಯೊಂದೇ ಅವರನ್ನು ಅಲ್ಲಿಗೆ ತಲುಪಿಸುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ತಲುಪಿಸುತ್ತಿತ್ತೋ ಏನೋ, ಆದರೆ 2.1 ಎಂಬ ಅಂಕಿಯನ್ನು ಯಾರಾದರೂ ಕಾರ್ಡಿನ ಮೇಲ್ಭಾಗದಲ್ಲಿ ಬರೆದಿದ್ದರೆ ನೋವಿನ ಗುಳಿಗೆ ನಿಲ್ಲುತ್ತಿತ್ತು, ಮೆಟ್‌ಫಾರ್ಮಿನ್ ಪ್ರಮಾಣವನ್ನು ಮರುಪರಿಶೀಲಿಸುತ್ತಿದ್ದರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡುತ್ತಿದ್ದರು. ಇವೆಲ್ಲ ಯಾವ ದೊಡ್ಡ ಆಸ್ಪತ್ರೆಯೂ ಬೇಡದ ಕೆಲಸಗಳು, ನನ್ನಂಥ ಗಲ್ಲಿಯ ಡಾಕ್ಟರೂ ಮಾಡಬಲ್ಲದ್ದು.

ಬಿಡುಗಡೆಯ ದಿನದ ಅಂಕಿ ಸರಿಯಾಗಿದ್ದವರೂ ಪೂರ್ತಿ ಪಾರಾದರೆಂದು ತಿಳಿಯುವಂತಿಲ್ಲ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ವಾರಗಟ್ಟಲೆ ಐಸಿಯುವಿನಲ್ಲಿ ಮಲಗಿ, ಸ್ಟೆರಾಯ್ಡ್ ಪಡೆದು, ತೋಳು-ತೊಡೆ ಕರಗಿಹೋದ ರೋಗಿಯಲ್ಲಿ ಅದು ಹುಟ್ಟುವುದೇ ಕಡಿಮೆ. ನನ್ನ ಹೋಟೆಲ್ ರೋಗಿಗಳ ಭಾಷೆಯಲ್ಲಿ ಹೇಳುವುದಾದರೆ, ಗಿರಾಕಿಯೇ ಇಲ್ಲದ ದಿನ ಮೋರಿಯಲ್ಲಿ ತಟ್ಟೆ ಕಡಿಮೆ ಇದ್ದರೆ ತೊಳೆಯುವವನು ಚುರುಕಾಗಿದ್ದಾನೆಂದು ಅರ್ಥವಲ್ಲ. ಮೂತ್ರಪಿಂಡ ಹಾನಿಯಾದ ಪ್ರತಿಯೊಬ್ಬರನ್ನೂ ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕೆಂದು ಅದೇ 2012ರ ಮಾರ್ಗಸೂಚಿಯೂ ಹೇಳುತ್ತದೆ. ಆ ಹೊತ್ತಿಗೆ ಮೈ ತುಂಬಿಕೊಂಡಿರುತ್ತದೆ, ಅಂಕಿ ನಿಜ ಹೇಳುತ್ತದೆ.

ಕೋವಿಡ್ ನಂತರದ ವರ್ಷಗಳಲ್ಲಿ ಬಂದ ಅಧ್ಯಯನಗಳು ಈ ಎಚ್ಚರಿಕೆಯನ್ನು ಬಲಪಡಿಸಿವೆ. ಮೂತ್ರಪಿಂಡ ಹಾನಿಯಾಗಿ ಮನೆಗೆ ಹೋದವರಲ್ಲಿ ಕೋವಿಡ್‌ನಿಂದ ಹಾಗಾದವರ ಮೂತ್ರಪಿಂಡದ ರಕ್ತ ಸೋಸುವ ಶಕ್ತಿ ಬೇರೆ ಕಾರಣಗಳಿಂದ ಹಾಗಾದವರಿಗಿಂತ ವೇಗವಾಗಿ ಇಳಿಯಿತೆಂದು 2021ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಅದೇ ವರ್ಷ ಆ ದೇಶದ ಮಾಜಿ ಸೈನಿಕರ ಆರೋಗ್ಯ ದಾಖಲೆಗಳನ್ನು ಆಧರಿಸಿದ ಇನ್ನೊಂದು ದೊಡ್ಡ ಅಧ್ಯಯನವು, ಆಸ್ಪತ್ರೆ ಸೇರದೆ ಕೋವಿಡ್ ಅನುಭವಿಸಿದವರಲ್ಲೂ ಮೂತ್ರಪಿಂಡದ ತೊಂದರೆಯ ಅಪಾಯ ಸ್ವಲ್ಪ ಹೆಚ್ಚಿರುವುದನ್ನೂ, ಐಸಿಯು ಸೇರಿದವರಲ್ಲಿ ಅದು ಎಲ್ಲರಿಗಿಂತ ಹೆಚ್ಚಿರುವುದನ್ನೂ ಕಂಡಿತು.

ಇಲ್ಲಿಗೆ ಬಂದರೆ ಹಣದ ಪ್ರಶ್ನೆ. ಡಯಾಲಿಸಿಸ್ ಎಂದರೆ ಕೇವಲ ಒಂದು ಯಂತ್ರವಲ್ಲ. ನಿಮಿಷಕ್ಕೆ ಅರ್ಧ ಲೀಟರ್‌ನಂತೆ ನಾಲ್ಕು ಗಂಟೆ ಹರಿಯುವ ದ್ರವಕ್ಕೆ ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು, ಅದಕ್ಕೆ ಆರ್‌ಓ ಘಟಕ ಬೇಕು, ತರಬೇತಾದ ತಂತ್ರಜ್ಞರು ಬೇಕು. ರೋಗಿಗೆ ವಾರದ ಮೂರು ದಿನಗಳ ಕೂಲಿ ಖೋತಾ. ರಾಜ್ಯ ಸರ್ಕಾರದ ಉಚಿತ ಚಿಕಿತ್ಸೆಯ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಸೇರಿದೆ, ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಅದಕ್ಕೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ನಿವಾಸದ ದಾಖಲೆ ತೋರಿಸಬೇಕು. ಅಫಜಲಪುರದಿಂದಲೋ ಇಂಡಿಯಿಂದಲೋ ಬಂದು ಇಲ್ಲಿ ಹತ್ತಾರು ವರ್ಷ ಇಟ್ಟಿಗೆ ಹೊತ್ತವನ ರೇಷನ್ ಕಾರ್ಡ್ ಊರಿನಲ್ಲಿ ತಾಯಿಯ ಬಳಿ ಇರುತ್ತದೆ. ಅವನು ಯೋಜನೆಯ ಕೌಂಟರಿನಿಂದ ಕೌಂಟರಿಗೆ ಅಲೆದು, ಕೊನೆಗೆ ಊರಿಗೆ ಹೊರಟುಹೋಗುತ್ತಾನೆ. ಊರಿನಿಂದ ಹತ್ತಿರದ ಡಯಾಲಿಸಿಸ್ ಕೇಂದ್ರಕ್ಕೆ ಬಸ್ಸಿನಲ್ಲಿ ಅರ್ಧ ದಿನ. ಇಂಥವರು ಆ ಹಂತಕ್ಕೆ ಹೋಗದಂತೆ ತಡೆಯಲು ಬೇಕಾದ ಕ್ರಿಯಾಟಿನಿನ್ ಪರೀಕ್ಷೆ ಅತ್ಯಂತ ಅಗ್ಗದ ರಕ್ತಪರೀಕ್ಷೆಗಳಲ್ಲಿ ಒಂದು ಎಂಬುದನ್ನು ತಮ್ಮ ಲೆಕ್ಕ ವಿಭಾಗವೂ ಒಪ್ಪೀತು.

ಹುಡುಕುವುದು ಹೇಗೆ ಎಂಬ ಆಕ್ಷೇಪಣೆ ಬರಬಹುದು. ಆ ಕಲೆಯನ್ನು ಈ ನಗರಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ. 2020ರಲ್ಲಿ 24 ವಾರ್ಡ್‌ಗಳಲ್ಲಿಯೂ ವಾರ್ ರೂಮ್ ತೆರೆದು, ಸೋಂಕಿತರ ಮನೆಗೆ ಫೋನ್ ಮಾಡಿ, ಹಾಸಿಗೆ ಹಂಚಿದ ಆಡಳಿತ ಇದು. ದೇಶವೆಲ್ಲ ಅದನ್ನು ಮೆಚ್ಚಿತು, ನಾನೂ ಮೆಚ್ಚಿದೆ. ಆಗ ಬರೆದುಕೊಂಡ ಫೋನ್ ನಂಬರುಗಳಲ್ಲಿ ಅರ್ಧ ಬದಲಾಗಿರಬಹುದು, ಉಳಿದರ್ಧವಾದರೂ ಸಿಗುತ್ತದೆ. ಎಲ್ಲ ಕೋವಿಡ್ ರೋಗಿಗಳನ್ನೂ ಕರೆಯಬೇಕೆಂದು ನಾನು ಕೇಳುತ್ತಿಲ್ಲ. ಐಸಿಯು ಸೇರಿದವರು, ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆದವರು, ಆಂಫೊಟೆರಿಸಿನ್ ಪಡೆದವರು, ಆಕ್ಸಿಜನ್ ಬೇಕಾದವರಲ್ಲಿ ಸಕ್ಕರೆ ಕಾಯಿಲೆ ಇದ್ದವರು ಇಷ್ಟು ಮಂದಿ ಸಾಕು. 2022ರಿಂದ ನಡೆಯುತ್ತಿರುವ ಪಾಲಿಕೆಯ ‘ಆಪಲಾ ದವಾಖಾನಾ’ ಎಂಬ ಬಡಾವಣೆ ಕ್ಲಿನಿಕ್ಕುಗಳಲ್ಲಿ ರಕ್ತಪರೀಕ್ಷೆಯ ಉಚಿತ ವ್ಯವಸ್ಥೆ ಈಗಾಗಲೇ ಇದೆ, ಸಂಜೆಯ ಹೊತ್ತು ಕೆಲಸ ಮುಗಿಸಿ ಬರುವವರಿಗೂ ಅನುಕೂಲ. ಅಲ್ಲಿ ಕ್ರಿಯಾಟಿನಿನ್ ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆ ಸೇರಿಸಿ, ತೊಂದರೆ ಕಂಡವರನ್ನು ಪಾಲಿಕೆಯ ದೊಡ್ಡ ಆಸ್ಪತ್ರೆಗಳ ಮೂತ್ರಪಿಂಡ ವಿಭಾಗಕ್ಕೆ ಚೀಟಿ ಕೊಟ್ಟು ಕಳುಹಿಸಿದರೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯ ಉದ್ಘಾಟನೆಯೂ ಬೇಡ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿದೆ, ಈಗೇಕೆ ಈ ಗದ್ದಲ ಎಂಬ ಮಾತೂ ಬರುತ್ತದೆ. ಮುಂಬಯಿಯಲ್ಲಿ ಮೂತ್ರಪಿಂಡ ಹಠಾತ್ತನೆ ಕೆಡಲು ಕೋವಿಡ್ಡೇ ಬರಬೇಕೆಂದಿಲ್ಲ. ಪ್ರತಿ ಮಳೆಗಾಲದಲ್ಲೂ ಇಲಿಜ್ವರ, ಮಲೇರಿಯಾ, ಡೆಂಗ್ಯೂ ಅದನ್ನೇ ಮಾಡುತ್ತವೆ. 2005ರ ಜುಲೈ 26ರ ಮಹಾಮಳೆಯ ನಂತರ ಇಲಿಜ್ವರ ಹೇಗೆ ಹರಡಿತೆಂಬುದು ಹಿರಿಯ ಅಧಿಕಾರಿಗಳಿಗೆ ನೆನಪಿರಬೇಕು. ಆ ರೋಗಿಗಳೂ ಇದೇ ರೀತಿ ಕಾರ್ಡ್ ಹಿಡಿದು ಮನೆಗೆ ಹೋಗುತ್ತಾರೆ. ಕಾರ್ಡಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಅವರೆಲ್ಲರಿಗೂ ಪ್ರಯೋಜನ: ದಾಖಲಾದಾಗಿನ ಕ್ರಿಯಾಟಿನಿನ್, ಅತಿ ಹೆಚ್ಚಾದದ್ದು, ಹೊರಟ ದಿನದ್ದು, ಮತ್ತು ಮೂರು ತಿಂಗಳ ನಂತರ ಪರೀಕ್ಷೆಗೆ ಬರಬೇಕಾದ ತಾರೀಕು. ಅದರ ಕೆಳಗೆ ‘ನೋವಿನ ಮಾತ್ರೆ ಬೇಡ’ ಎಂಬ ಮಾತನ್ನು ಮರಾಠಿ, ಹಿಂದಿಗಳೊಡನೆ ರೋಗಿ ಓದಬಲ್ಲ ಭಾಷೆಯಲ್ಲಿ ಮುದ್ರಿಸಿದರೆ ಇನ್ನೂ ಒಳ್ಳೆಯದು.

ಇದನ್ನು ಓದುತ್ತಿರುವ ಕನ್ನಡಿಗ ಬಂಧುಗಳಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಕೋವಿಡ್‌ನಿಂದ ಐಸಿಯು ಸೇರಿ ಬಂದಿದ್ದರೆ, ಬೀರುವಿನಲ್ಲಿಟ್ಟ ಆ ಫೈಲನ್ನು ತೆಗೆದು, ಕಾರ್ಡನ್ನು ಮಾತ್ರವಲ್ಲ, ಅದರ ಹಿಂದಿರುವ ಲ್ಯಾಬ್ ಕಾಗದಗಳನ್ನೂ ನಿಮ್ಮ ಡಾಕ್ಟರರಿಗೆ ತೋರಿಸಿ. ಕ್ರಿಯಾಟಿನಿನ್ ಮತ್ತು ಮೂತ್ರಪರೀಕ್ಷೆ ಒಮ್ಮೆ ಮಾಡಿಸಿಕೊಳ್ಳಿ. ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಈ ಪತ್ರ ಓದಿ ನೀವಾಗಿಯೇ ನಿಲ್ಲಿಸಬೇಡಿ. ವಾಂತಿ-ಭೇದಿ ಹಿಡಿದ ದಿನ ಮಾತ್ರ ಯಾವುದನ್ನು ತಡೆಹಿಡಿಯಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮಾಟುಂಗಾದಿಂದ ಡೊಂಬಿವಿಲಿಯವರೆಗಿನ ನಮ್ಮ ಸಂಘಗಳು ವರ್ಷವೂ ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ಬಿ.ಪಿ. ನೋಡುವ ಮೇಜಿನ ಪಕ್ಕದಲ್ಲೇ ಈ ಎರಡು ಪರೀಕ್ಷೆಗಳಿಗೂ ಜಾಗ ಮಾಡಿಕೊಡಲಿ.

ಮಾನ್ಯ ಆಯುಕ್ತರೇ, ಮೇಲೆ ಹೇಳಿದ ನಾಲ್ಕು ಸಾಲುಗಳ ನಮೂನೆಯನ್ನು ಮರಾಠಿ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ. ಅದನ್ನು ತಿದ್ದಬೇಕಾದರೆ ಪಾಲಿಕೆಯ ಆಸ್ಪತ್ರೆಗಳ ಮೂತ್ರಪಿಂಡ ತಜ್ಞರು ತಿದ್ದಲಿ. ಮರಳಿ ಕರೆಯುವ ಕೆಲಸವನ್ನು ಒಂದೇ ವಾರ್ಡಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸುವುದಾದರೆ ಭಾಂಡುಪ್ ಇರುವ ಎಸ್ ವಾರ್ಡನ್ನೇ ಆರಿಸಿಕೊಳ್ಳಿ. ನನ್ನ ಕ್ಲಿನಿಕ್ಕಿನ ದಾಖಲೆಗಳನ್ನು, ರೋಗಿಗಳ ಒಪ್ಪಿಗೆ ಪಡೆದು, ಒದಗಿಸಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಭಾಂಡುಪ್‌ನ ಒಬ್ಬ ಸಾಮಾನ್ಯ ವೈದ್ಯ